ಪಾರವ್ವನ ರಬ್ಬರು, ಮೇಷ್ಟ್ರ ಪೆನ್ಸಿಲ್ಲು

ಬೆಳಗಿನ ಆರು ಗಂಟೆ. ಬಿಳೇಕಹಳ್ಳಿಯ ಗಲ್ಲಿಯೊಂದರ ಕೊನೆಯಲ್ಲಿ ಶೀಟು ಹೊದಿಸಿದ ಒಂದು ಕೋಣೆ. ಒಂದು ಕಾಲಕ್ಕೆ ಮನೆ ಮಾಲೀಕ ತಿಮ್ಮರಾಯಪ್ಪನವರ ಎಮ್ಮೆಗಳನ್ನು ಕಟ್ಟುತ್ತಿದ್ದ ಜಾಗ ಈಗ ಬಾಡಿಗೆಗೆ ಹೋಗಿದೆ. ಹೊಸ್ತಿಲ ಬಳಿ ಚಾಪೆ ಹಾಸಿಕೊಂಡು ಕೂತ ಪಾರವ್ವ, ತೊಡೆಯ ಮೇಲೆ ದಪ್ಪನೆಯ ಇತಿಹಾಸದ ಪುಸ್ತಕ ಇಟ್ಟುಕೊಂಡು ರಬ್ಬರಿನಿಂದ ಉಜ್ಜುತ್ತಿದ್ದಾರೆ. ಎಡಗೈ ಹೆಬ್ಬೆರಳು ಪುಟವನ್ನು ಒತ್ತಿ ಹಿಡಿದಿದೆ, ಬಲಗೈ ಒಂದೇ ದಿಕ್ಕಿಗೆ ಓಡುತ್ತಿದೆ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಹಳೇ ಕಾಗದ ಸುಕ್ಕುಗಟ್ಟುತ್ತದೆ. ಪುಟ ಮುಗಿದ ಮೇಲೆ ಶೇವಿಂಗ್ ಬ್ರಷ್‌ನಿಂದ ಪುಡಿ ಕೊಡವುತ್ತಾರೆ. ಪ್ರತಿ ಸಾಲನ್ನು ಒರೆಸುವ ಮೊದಲು ಅವರ ತುಟಿ ಮೆಲ್ಲಗೆ ಅಲ್ಲಾಡುತ್ತದೆ. ಓದುತ್ತಿದ್ದಾರೆ. ಎರಡು ತಿಂಗಳ ಹಿಂದಿನವರೆಗೆ ಈ ಓದು ಇರಲಿಲ್ಲ.

ಜಯನಗರದಲ್ಲಿ ನಂದಕುಮಾರ್ ಅವರದೊಂದು ಹಳೇ ಪುಸ್ತಕದ ಅಂಗಡಿ. ಚರಿತ್ರೆ, ರಾಜಕೀಯ, ಜೀವನಚರಿತ್ರೆ, ಅಷ್ಟೇ. ಕಾದಂಬರಿ ಕೇಳಿ ಬಂದವರನ್ನು ಅವರು ಮೇಲಿಂದ ಕೆಳಗೆ ನೋಡಿ ಪಕ್ಕದ ಅಂಗಡಿ ತೋರಿಸುತ್ತಾರೆ. ಆ ಕಪಾಟುಗಳಲ್ಲಿ ಪುಸ್ತಕಗಳು ಅಷ್ಟು ನೀಟಾಗಿ ನಿಂತಿರುವುದು ಹೇಗೆ ಎಂದು ಕೊಳ್ಳುವವರು ಯಾರೂ ಕೇಳಿದ್ದಿಲ್ಲ. ಕಿತ್ತ ಬೆನ್ನಿಗೆ ಗೋಂದು ಹಚ್ಚುವುದು, ಮಡಚಿದ ಪುಟದ ಮೂಲೆಗಳನ್ನು ನೆಟ್ಟಗೆ ಮಾಡುವುದು, ಹಿಂದಿನ ಓದುಗ ಪೆನ್ಸಿಲ್‌ನಲ್ಲಿ ಗೀಚಿದ್ದನ್ನೆಲ್ಲ ಅಳಿಸುವುದು ಹನ್ನೆರಡು ವರ್ಷಗಳಿಂದ ಪಾರವ್ವನ ಕೆಲಸ.

ಪಾರವ್ವ ರೋಣದ ಕಡೆಯವರು, ನಾಲ್ಕನೇ ಇಯತ್ತೆ ಓದಿದವರು. ಗಂಡ ಯಲ್ಲಪ್ಪ ಬನ್ನೇರುಘಟ್ಟ ರಸ್ತೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯೂರಿಟಿ. ಮೊದಮೊದಲು ಅಂಗಡಿಯ ಕಸ ಗುಡಿಸಲು ಬರುತ್ತಿದ್ದ ಪಾರವ್ವ ಒಮ್ಮೆ ಸುಮ್ಮನಿರಲಾರದೆ ಒಂದು ಪುಸ್ತಕದ ಗೀಟುಗಳನ್ನು ಅಳಿಸಿಟ್ಟರು. ಮೂರು ವರ್ಷದಿಂದ ಕದಲದೆ ಕೂತಿದ್ದ ಆ ಪುಸ್ತಕ ಅದೇ ವಾರ ಮಾರಾಟವಾಯಿತು. ಅಲ್ಲಿಗೆ ಪೊರಕೆ ಹೋಗಿ ಕೈಗೆ ರಬ್ಬರು ಬಂತು.

ದಿನಕ್ಕೆ ಎಂಟು ಪುಸ್ತಕ, ಎರಡು ದಿನಕ್ಕೊಂದು ರಬ್ಬರು. ಜತೆಗೆ ಹಳೇ ದೂಳಿನ ಕೆಮ್ಮು, ಮಣಿಕಟ್ಟಿನ ನೋವು. ಬರೆದವರ ಮುಖ ನೋಡದೆಯೇ ಪಾರವ್ವನಿಗೆ ಅವರ ಜಾತಕ ಗೊತ್ತು. ಪರೀಕ್ಷೆಗೆ ಕೂತವರದು ಮೊದಲ ಐವತ್ತು ಪುಟ ತುಂಬ ಗೀಟು, ಆಮೇಲೆ ಪುಸ್ತಕ ಅಂಗಡಿಯಿಂದ ಬಂದಷ್ಟೇ ಹೊಸದು. ರಾಜಕೀಯ ಓದುವವರು ಲೇಖಕನ ಜತೆ ಜಗಳಕ್ಕೇ ಕೂತಿರುತ್ತಾರೆ, ಪುಟಪುಟಕ್ಕೂ ಪ್ರಶ್ನೆ ಚಿಹ್ನೆ. ದೊಡ್ಡವರ ಜೀವನಚರಿತ್ರೆ ಓದುವವರು ಮಾತ್ರ ಅವರ ಹೆಂಡತಿ ಮಕ್ಕಳ ಫೋಟೊ ಇರುವಲ್ಲಿ ತಪ್ಪದೆ ಗೀಟು ಹಾಕುತ್ತಾರೆ.

ಆದರೆ ಬರೆದದ್ದೇನು ಎಂದು ಪಾರವ್ವ ಓದುತ್ತಿರಲಿಲ್ಲ. ಅದು ಅವರೇ ಹಾಕಿಕೊಂಡ ನೇಮ. “ಓದಿಕೋತ ಕುಂತ್ರ ಕೈ ಮುಂದ ಹೋಗಂಗಿಲ್ರಿ. ಮತ್ತ ಮಂದಿ ಬರದದ್ದು ನಮಗ್ಯಾಕ?” ಎನ್ನುತ್ತಾರೆ. ಆ ನೇಮವೇ ಅವರ ನಿದ್ದೆ ಕೆಡಿಸಿತು.

ತ್ಯಾಗರಾಜನಗರದ ಸಂಜೀವಯ್ಯ ಇತಿಹಾಸದ ಮೇಷ್ಟ್ರಾಗಿದ್ದವರು. ಅವರು ತೀರಿಕೊಂಡು ಆರು ತಿಂಗಳಾದ ಮೇಲೆ, ಹೆಂಡತಿ ಸೊಣ್ಣಮ್ಮ ಆನೇಕಲ್‌ನಲ್ಲಿ ತಂಗಿಯ ಮನೆಗೆ ಹೋಗಿದ್ದ ವಾರ, ಮಗಳು ರಮ್ಯ ಕಪಾಟು ಖಾಲಿ ಮಾಡಿದಳು. ಅಮ್ಮನಿಗೆ ದೂಳು ಆಗುವುದಿಲ್ಲ, ಮನೆ ಹಗುರಾಗಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ನಲವತ್ತಮೂರು ಪುಸ್ತಕಗಳು ಜಯನಗರದ ಅಂಗಡಿಗೆ, ಅಲ್ಲಿಂದ ಚೀಲದಲ್ಲಿ ಬಿಳೇಕಹಳ್ಳಿಗೆ ಬಂದವು. ಮೇಷ್ಟ್ರು ಎಂದ ಮೇಲೆ ಗೀಚುವುದು ಇದ್ದದ್ದೇ. ಪಾರವ್ವ ತಲೆ ಎತ್ತದೆ ನಾಲ್ಕು ದಿನದಲ್ಲಿ ಇಪ್ಪತ್ತೊಂಬತ್ತನ್ನು ಬೆಳ್ಳಗೆ ಮಾಡಿಟ್ಟರು.

ಐದನೇ ದಿನ, ಗುರುವಾರ, ನಂದಕುಮಾರ್ ಫೋನ್ ಮಾಡಿದರು. ಊರಿಂದ ಬಂದ ಸೊಣ್ಣಮ್ಮ ಖಾಲಿ ಕಪಾಟು ನೋಡಿ ನೆಲಕ್ಕೆ ಕೂತುಬಿಟ್ಟಿದ್ದಾರಂತೆ. ಗಂಟಲಿನ ಆಪರೇಷನ್ ಆದ ಮೇಲೆ ಮೇಷ್ಟ್ರಿಗೆ ಮಾತು ನಿಂತಿತ್ತು. ಕೊನೆಯ ಎಂಟು ತಿಂಗಳು ಹೆಂಡತಿಗೆ ಏನು ಹೇಳಬೇಕಿದ್ದರೂ, ಸ್ಲೇಟು ತಂದುಕೊಟ್ಟರೂ ಅದನ್ನು ಮುಟ್ಟದೆ, ಕೈಯಲ್ಲಿದ್ದ ಪುಸ್ತಕದ ಅಂಚಿನಲ್ಲೇ ಬರೆದು ತೋರಿಸುತ್ತಿದ್ದರು. ಆ ಪುಸ್ತಕಗಳು ವಾಪಸ್ ಬೇಕು, ಭಾನುವಾರ ತಾವೇ ಬಿಳೇಕಹಳ್ಳಿಗೆ ಬರುವುದಾಗಿ ಹೇಳಿದ್ದಾರೆ.

ಪಾರವ್ವ ಒರೆಸಿಟ್ಟಿದ್ದನ್ನು ಇನ್ನೊಮ್ಮೆ ಎಣಿಸಿದರು. ನಂದಕುಮಾರ್ ಕೆಟ್ಟವರಲ್ಲ, ಆದರೆ ವ್ಯಾಪಾರಸ್ಥರು. ಸುಲಭದ ದಾರಿಯನ್ನೂ ಅವರೇ ತೋರಿಸಿದರು: “ಒರೆಸದೇ ಇರೋ ಹದಿನಾಲ್ಕು ಕೊಟ್ಬಿಡಿ ಪಾರವ್ವ. ಮಿಕ್ಕಿದ್ದು ಮಾರ್ಹೋಯ್ತು ಅಂತ ನಾನೇ ಹೇಳ್ತೀನಿ. ಅವ್ರಿಗೂ ನೋವು ಕಮ್ಮಿ.” ಪಾರವ್ವ ಫೋನ್ ಕೆಳಗಿಟ್ಟರು. ಆ ಹದಿನಾಲ್ಕನ್ನು ಬಿಡಿಸಿ ನೋಡಿದರೆ ಬರೀ ಇಸವಿಗಳು, ರಾಜರ ಹೆಸರುಗಳು, ಪಾಠಕ್ಕೆ ಮಾಡಿಕೊಂಡ ಟಿಪ್ಪಣಿ. ಮಾತೆಲ್ಲ ಇದ್ದದ್ದು ತಾವು ಒರೆಸಿದ್ದರಲ್ಲಿ.

ಮರುದಿನ ಬೆಳಗಿನ ಬಿಸಿಲು ಎದುರು ಬಿಲ್ಡಿಂಗಿನ ಸಂದಿಯಿಂದ ಹೊಸ್ತಿಲಿಗೆ ಬಿದ್ದಾಗ, ಬೆಳ್ಳಗಿನ ಅಂಚಿನ ಮೇಲೆ ಸಣ್ಣ ಗುಳಿಗಳು ಕಂಡವು. ಮೇಷ್ಟ್ರು ಒತ್ತಿ ಬರೆಯುವವರು. ಸೀಸ ಹೋಗಿದ್ದರೂ ಒತ್ತು ಉಳಿದಿತ್ತು. ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓರೆ ಹಿಡಿದರೆ ಅಕ್ಷರ ಮೂಡುತ್ತದೆ. ಆ ಬಿಸಿಲು ಇರುವುದು ಮುಕ್ಕಾಲು ಗಂಟೆ ಮಾತ್ರ. ಶುಕ್ರವಾರ, ಶನಿವಾರ ಒಲೆ ಹಚ್ಚದೆ, ಹನ್ನೆರಡು ವರ್ಷ ಓದದಿದ್ದ ಹೆಂಗಸು ಕಣ್ಣಲ್ಲಿ ನೀರು ಸುರಿಯುವಷ್ಟು ಓದಿ ಚೀಟಿಗಳಲ್ಲಿ ಇಳಿಸಿಕೊಂಡರು. ‘ಸಾರಿಗೆ ಉಪ್ಪು ಸಾಕು.’ ‘ಡಾಕ್ಟರ್ ಹೊರಗೆ ಕರೆದು ಏನಂದರು? ನಿಜ ಹೇಳು.’ ‘ನೀನು ಊಟ ಮಾಡಿದೆಯಾ?’ ಈ ಕೊನೆಯದು ಹನ್ನೊಂದು ಸಲ ಇತ್ತು. ಅರ್ಧಕ್ಕರ್ಧ ಮಾತ್ರ ಸಿಕ್ಕಿತು, ಉಳಿದರ್ಧ ಹೋಗಿಯೇ ಹೋಗಿತ್ತು.

ಭಾನುವಾರ ಸೊಣ್ಣಮ್ಮ ಮಗಳನ್ನು ಗಲ್ಲಿಯ ತುದಿಯಲ್ಲೇ ನಿಲ್ಲಿಸಿ ಒಬ್ಬರೇ ನಡೆದು ಬಂದರು. ನೀರು ಕೊಟ್ಟು, ಅವರು ಕುಡಿದು ಮುಗಿಸುವವರೆಗೆ ಪಾರವ್ವ ತಡೆದರು. ಮಾರಿಹೋಯಿತು ಎಂಬ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಬಾಯಿಂದ ಹೊರಟಿದ್ದು ಬೇರೆ: “ಅವ್ವಾರ, ನಾನ ಒರೆಸೀನ್ರಿ. ಓದದ ಒರೆಸೀನಿ.”

ಸೊಣ್ಣಮ್ಮ ಬಯ್ಯಲಿಲ್ಲ. ಚೀಟಿಗಳನ್ನು ಒಂದೊಂದಾಗಿ ನೋಡಿದರು. ಪ್ರತಿ ಚೀಟಿಗೂ ಆವತ್ತು ತಾವು ಕೊಟ್ಟ ಉತ್ತರ ಅವರಿಗೆ ನೆನಪಿತ್ತು. ಉಪ್ಪಿನ ಮಾತಿಗೆ, ಹಾಗಾದರೆ ನಾಳೆಯಿಂದ ನೀವೇ ಹಾಕಿಕೊಳ್ಳಿ ಎಂದಿದ್ದರಂತೆ. ಡಾಕ್ಟರ್ ಮಾತಿಗೆ ಸುಳ್ಳು ಹೇಳಿದ್ದರಂತೆ. ಊಟದ ಮಾತಿಗೂ ಅಷ್ಟೇ.

ಕೊನೆಯ ಚೀಟಿಗೆ ಮಾತ್ರ ಅವರ ಬಳಿ ಉತ್ತರ ಇರಲಿಲ್ಲ. ಅದು ಒಬ್ಬ ರಾಜಕಾರಣಿಯ ಜೀವನಚರಿತ್ರೆಯ ಕೊನೆಯ ಖಾಲಿ ಹಾಳೆಯಲ್ಲಿ ಇದ್ದ ಸಾಲು. ಪಾರವ್ವನಿಗೆ ಸಿಕ್ಕಿದ್ದು ಇಷ್ಟು: ‘ಸೊಣ್ಣು, ನೀನು’ ಎಂದು ಶುರು, ‘ಅಂತ ನಾನು ಯಾವತ್ತೂ ಹೇಳಲಿಲ್ಲ’ ಎಂದು ಕೊನೆ. ನಡುವಿನದು ಇಲ್ಲ. ಸೊಣ್ಣಮ್ಮ ಪುಟವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

“ಇದನ್ನ ಅವ್ರು ನಂಗೆ ತೋರಿಸ್ಲೇ ಇಲ್ಲ,” ಎಂದರು. “ಬಯ್ಯೋದಾಗಿದ್ರೆ ತಂದು ಮುಖಕ್ಕೇ ಹಿಡೀತಿದ್ರು.”

ಪಾರವ್ವ ಅತ್ತೇಬಿಟ್ಟರು. ಸೊಣ್ಣಮ್ಮ ತಮ್ಮ ಮನೆಗೆ ಇಂಥ ಬಿಸಿಲು ಬೀಳುವುದಿಲ್ಲ ಎಂದು ಹೇಳಿ ನಡುವಿನ ಮಾತು ಹುಡುಕಲೆಂದು ಆ ಒಂದು ಪುಸ್ತಕ ಮಾತ್ರ ಅಲ್ಲೇ ಬಿಟ್ಟು, ಉಳಿದದ್ದನ್ನು ಮಗಳ ಕಾರಿಗೆ ಹಾಕಿಸಿಕೊಂಡು ಹೋದರು.

ಈಗ ದಿನಕ್ಕೆ ಮೂರೇ ಪುಸ್ತಕ. ಪ್ರತಿ ಸಾಲು ಓದಿಯೇ ಒರೆಸುವುದು, ಸಂಶಯ ಬಂದರೆ ಹಾಗೇ ಬಿಡುವುದು. ಹೀಗಾದರೆ ಅಂಗಡಿ ನಡೆದ ಹಾಗೇ ಎಂದು ನಂದಕುಮಾರ್ ಗೊಣಗುತ್ತಾರೆ, ಬೇರೆಯವರನ್ನು ನೋಡಬೇಕಾಗುತ್ತದೆ ಎಂದೂ ಎರಡು ಸಲ ಅಂದಿದ್ದಾರೆ. ಕೆಲಸ ಉಳಿಯುತ್ತದೋ ಇಲ್ಲವೋ ಪಾರವ್ವನಿಗೆ ಗೊತ್ತಿಲ್ಲ. ಅವರ ಭಯ ಬೇರೆ. ಗಲ್ಲಿಯ ಮೂಡಣ ಬದಿಯಲ್ಲಿ ತಿಮ್ಮರಾಯಪ್ಪನವರು ಮೂರಂತಸ್ತು ಕಟ್ಟಿಸಲು ಗೆರೆ ಎಳೆಸಿದ್ದಾರೆ. ಮೊದಲ ಅಂತಸ್ತು ಎದ್ದರೆ ಹೊಸ್ತಿಲಿಗೆ ಬಿಸಿಲು ನಿಂತುಹೋಗುತ್ತದೆ.

ಒಂಬತ್ತು ಗಂಟೆಗೆ ಸರಿಯಾಗಿ ಪಾರವ್ವನ ಮೊಬೈಲು ಹೊಡೆದುಕೊಳ್ಳುತ್ತದೆ. ತ್ಯಾಗರಾಜನಗರದಿಂದ. ದಿನಾ ಇದೇ ಹೊತ್ತಿಗೆ. ಪಾರವ್ವ ಕೈಯಲ್ಲಿದ್ದ ರಬ್ಬರು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಆಮೇಲೆ ಎತ್ತಿಕೊಳ್ಳುತ್ತಾರೆ.

“ಇನ್ನೂ ಇಲ್ರಿ ಅವ್ವಾರ. ಒಂದಕ್ಷರ ಸಿಕ್ಕೈತಿ ಇವತ್ತ, ‘ಚ’ ಇದ್ದಂಗ ಐತಿ. ಖಾತ್ರಿ ಇಲ್ಲ, ಖಾತ್ರಿ ಆಗದ ಹೇಳಂಗಿಲ್ರಿ.” ಆ ಕಡೆಯಿಂದ ಏನೋ ಪ್ರಶ್ನೆ. ಪಾರವ್ವ ಹಚ್ಚದ ಒಲೆಯ ಕಡೆ ನೋಡುತ್ತಾರೆ. “ಇಲ್ರಿ, ಇನ್ನೂ ಮಾಡಿಲ್ಲ. ನಿಮ್ದು ಊಟ ಆತೇನ್ರಿ?”