‘ಚುಚ್ಚಿತು’ ಎಂದು ಕೂಗಲು ಕಲಿಸಿದ ಶಿವಕಾಂತಾ ಸಿಸ್ಟರ್

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳಿಗೆ ಒಂದು ಸಾದಾ ಸೀರೆಯಷ್ಟೂ ಖರ್ಚಿಲ್ಲ. ನರ್ಸುಗಳಾದ ನಮಗೆ ಅದೂ ಉಚಿತ. ಆದರೆ ಔರಾದದಿಂದ ಬೀದರಿಗೆ ಹೋಗಿಬರುವ ಬಸ್ ಚಾರ್ಜು, ಒಂದು ದಿನದ ರಜೆ, ರಜೆ ಕೊಡುವವರ ಗೊಣಗಾಟ ಎಲ್ಲ ಕೂಡಿದರೆ ಮೂರನೆಯ ಡೋಸು ದುಬಾರಿಯಾಗುತ್ತಿತ್ತು. ಎರಡಕ್ಕೇ ಸಾಕೆಂದು ಬಿಟ್ಟವರು ನಮ್ಮಲ್ಲಿ ಬಹಳ. ಈ ಲೆಕ್ಕವನ್ನು ಬದಲಿಸಿದವರು, ನಮ್ಮ ಜಿಲ್ಲೆಯ ಶುಶ್ರೂಷಾ ವೃತ್ತಿಗೆ ಬೆನ್ನೆಲುಬಾಗಿದ್ದು ಈಗ ಬೀದರಿನಲ್ಲಿ ನಿವೃತ್ತರಾಗುತ್ತಿರುವ ಮಾನ್ಯ ಶಿವಕಾಂತಾ ಸಿಸ್ಟರ್ ಅವರು. ಔರಾದದಲ್ಲಿದ್ದಾಗ ತಮ್ಮ ರಜೆಯ ದಿನವೇ ತಂಪು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಲಸಿಕೆ ತರುತ್ತಿದ್ದರು. “ಡಬ್ಬ್ಯಾಗ ಕುಲ್ಫಿ ಅದೇನ್ರಿ?” ಎಂದು ಕಂಡಕ್ಟರ್ ಕೇಳಿದರೆ, “ಹೂಂ, ಚುಚ್ಚೋ ಕುಲ್ಫಿ. ನಿಮಗೊಂದು ಕೊಡ್ಲೇನು?” ಎನ್ನುತ್ತಿದ್ದರಂತೆ.

ಅವರು ಭಾಲ್ಕಿಗೆ ಬಂದ ಮೇಲೆ ನಾನು ಅವರ ಕೈಕೆಳಗೆ ಸೇರಿದೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವ ನಮ್ಮ ರೂಢಿಯನ್ನು ಮೊದಲು ಬಿಡಿಸಿದರು. ಅಷ್ಟಾಗಿಯೂ ಚುಚ್ಚಿದರೆ ವಾರ್ಡಿಗೆಲ್ಲ ಕೇಳುವಂತೆ “ಚುಚ್ಚಿತು” ಎಂದು ಕೂಗಬೇಕು. ಕೂಗಿದವಳ ಟ್ರೇಯನ್ನು ಇನ್ನೊಬ್ಬಳು ಹಿಡಿಯಬೇಕು. ಹೇಗೆ ಚುಚ್ಚಿಕೊಂಡೆ ಎಂದು ಯಾರೂ ಕೇಳಬಾರದು. ಮುಚ್ಚಿಟ್ಟು ಕಳೆಯುವ ವೇಳೆಯೇ ರೋಗಕ್ಕೆ ದಾರಿ ಎಂಬುದನ್ನು ಅವರು ನಮ್ಮ ತಲೆಗೆ ತುಂಬಿದ್ದರು.

ಆ ಪದ್ಧತಿಯ ಬಿಸಿ ತಟ್ಟಿದ್ದು ಸಾನಿಕಾ ಎಂಬ ಹೊಸ ನರ್ಸಿಗೆ. ಹೆಪಟೈಟಿಸ್ ಬಿ ಇದ್ದ ಬಾಣಂತಿಯೊಬ್ಬಳ ರಕ್ತ ತೆಗೆದು ತಿರುಗುವಾಗ ಸೂಜಿ ಸಾನಿಕಾಳ ಬೆರಳಿಗೆ ನಾಟಿತು. ಅವಳಿಗೆ ಮೂರನೆಯ ಡೋಸು ಆಗಿರಲಿಲ್ಲ. ಕೂಗಲು ಬಾಯಿ ತೆರೆದಳು. ಆದರೆ ಎದುರು ಮಂಚದ ಬಳಿ, ಹೆರಿಗೆಯಾದ ತಮ್ಮ ಮಗಳ ಪಕ್ಕ ಸುಭದ್ರಾಬಾಯಿ ಕೂತಿದ್ದರು. ಸಾನಿಕಾಳನ್ನು ಸೊಸೆಯಾಗಿ ತಂದುಕೊಳ್ಳಲು ಮಾತು ಮುಗಿಸಿದ್ದವರು ಅವರೇ. ಸಾನಿಕಾ ಬಾಯಿ ಮುಚ್ಚಿ, ಮುಷ್ಟಿ ಬಿಗಿದು, ನಾನಿದ್ದ ನಲ್ಲಿಯ ಬಳಿಗೆ ಬಂದು ಬೆರಳು ಹಿಂಡತೊಡಗಿದಳು. ಹಿಂದೆಯೇ ಸಿಸ್ಟರ್ ಬಂದರು.

“ಹಿಂಡಬ್ಯಾಡ, ಸಾಬೂನು ಹಚ್ಚಿ ತೊಳಿ. ಯಾಕ ಕೂಗಲಿಲ್ಲ?”

“ಅತ್ತಿ ಆಗೋರು ಅಲ್ಲೇ ಕುಂತಾರ್ರಿ ಸಿಸ್ಟರ್.”

“ಅತ್ತಿ ಇನ್ನೊಬ್ಬಾಕಿ ಸಿಗ್ತಾಳ. ಲಿವರ್ ಎಲ್ಲಿಂದ ತರ್ತಿ? ಕೂಗೋದು ಬಿಡೋದು ನಿನಗ ಬಿಟ್ಟದ್ದು. ಬೀದರಿನ ಗಾಡಿ ಮಾತ್ರ ಈಗ ಹತ್ತಬೇಕು.”

ಬಾಗಿಲವರೆಗೆ ಹೋದ ಸಾನಿಕಾ ತಿರುಗಿ ನಿಂತು, ಸುಭದ್ರಾಬಾಯಿಯವರನ್ನೇ ನೋಡುತ್ತ, “ನನಗ ಸೂಜಿ ಚುಚ್ಯದರಿ” ಎಂದು ಕೂಗಿದಳು. ನಾನು ಓಡಿಹೋಗಿ, ಬಾಣಂತಿಯ ಮಂಚದ ಬಳಿ ಅವಳು ಬಿಟ್ಟುಬಂದಿದ್ದ ಟ್ರೇ ಹಿಡಿದೆ. ಸಂಜೆಯೊಳಗೆ ಬೀದರಿನಲ್ಲಿ ಸೋಂಕು ತಡೆಯುವ ಇಮ್ಯುನೊಗ್ಲೋಬುಲಿನ್ ಚುಚ್ಚುಮದ್ದು ಮತ್ತು ಬಾಕಿ ಲಸಿಕೆ ಎರಡೂ ಆದವು. ಅಂದಿನಿಂದ ಆ ವಾರ್ಡಿನಲ್ಲಿ ಬೆರಳು ಮುಚ್ಚಿಟ್ಟುಕೊಂಡವರನ್ನು ನಾನು ಕಂಡಿಲ್ಲ.

ನಿವೃತ್ತಿಯ ನಂತರವೂ ಹೊಸ ನರ್ಸುಗಳಿಗೆ ಕಲಿಸಲು ಸಿಸ್ಟರ್ ಒಪ್ಪಿದ್ದಾರೆ ಎಂಬ ಸುದ್ದಿ ನಮಗೆಲ್ಲ ಹಬ್ಬದಂತಾಗಿದೆ. ಮೊಣಕಾಲು ನೋಯದೆ, ದನಿ ಕುಗ್ಗದೆ ಅವರು ನೂರು ಕಾಲ ನಮ್ಮನ್ನು ಗದರುತ್ತಿರಲಿ.

ಸುಭದ್ರಾಬಾಯಿಯವರು ಆ ಸಂಬಂಧವನ್ನು ಮುರಿದರು. ಆರು ತಿಂಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ ಸಾನಿಕಾಳ ರಕ್ತದಲ್ಲಿ ಸೋಂಕು ಇರಲಿಲ್ಲ.