ಜೇನುನೊಣ ಹೋದ ದಿಕ್ಕು

ನಮ್ಮ ಅಂಗಡಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಮಾಲೀಕರಿಗೂ, ಸಾಮಾನು ಸಾಗಿಸುವ ಗಾಡಿಯ ಡ್ರೈವರಿಗೂ ಅವರು ಟೇಪಣ್ಣ. ಐದು ಮೀಟರಿನ ಉಕ್ಕಿನ ಟೇಪೊಂದು ಅವರ ಬೆಲ್ಟಿನಲ್ಲಿ ಸದಾ ಸಿಕ್ಕಿಕೊಂಡಿರುತ್ತಿತ್ತು. ಯಾರಾದರೂ ಒಳಗೆ ಬಂದು "ಅರವತ್ತೈದು ಇಂಚಿನ ಟೀವಿ ತೋರಿಸಿ" ಎಂದರೆ ಅವರು ಟೀವಿಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಗೋಡೆಯಿಂದ ಸೋಫಾ ಎಷ್ಟು ದೂರ?"

"ಅಳೆದಿಲ್ಲ."

"ಮನೇಲಿ ಎಷ್ಟು ಜನ? ಯಾರು ಎಲ್ಲಿ ಕೂರ್ತೀರಿ?"

"ಟೀವಿ ಮಾರ್ತೀರೋ ಜನಗಣತಿ ಮಾಡ್ತೀರೋ ಸಾರ್?"

ಟೇಪಣ್ಣ ನಗುತ್ತಿರಲಿಲ್ಲ. ವಿಳಾಸ ಬರೆದುಕೊಂಡು, ಸಂಜೆ ಆ ಮನೆಗೆ ಹೋಗಿ, ಚೌಕುಳಿ ಕಾಗದದ ಮೇಲೆ ಕೋಣೆಯ ನಕ್ಷೆ ತೆಗೆಯುತ್ತಿದ್ದರು. ಒಂದು ಚೌಕಕ್ಕೆ ಅರ್ಧ ಅಡಿ. ಕೂರುವವರಿಗೆ ಒಂದೊಂದು ಸೊನ್ನೆ; ಸೊನ್ನೆಯ ಪಕ್ಕ ಅಜ್ಜ, ಅಮ್ಮ, ಚಿಕ್ಕವಳು ಎಂದು ಸಣ್ಣ ಅಕ್ಷರದಲ್ಲಿ ಬರವಣಿಗೆ. ಸುತ್ತಲೂ ಶಬ್ದ ಬರುವ ಐದು ಸ್ಪೀಕರುಗಳ ಸೆಟ್ ಬೇಕೆಂದರೆ ಅವರ ಪ್ರಶ್ನೆ ಇನ್ನೂ ಬಿಗಿಯಾಗುತ್ತಿತ್ತು.

"ಐದೂ ಸ್ಪೀಕರ್ ಸರಿಯಾಗಿ ಕೇಳೋದು ಒಂದೇ ಕುರ್ಚಿಗೆ. ಆ ಕುರ್ಚಿ ಯಾರದು ಅಂತ ನೀವು ನೀವೇ ತೀರ್ಮಾನ ಮಾಡ್ಕೊಳ್ಳಿ. ಆಮೇಲೆ ಬರ್ತೀನಿ."

ಈ ಮಾತಿನಿಂದ ಕೆಲವು ಮನೆಗಳಲ್ಲಿ ಜಗಳವೇ ಆಗಿದೆ. ಒಂದು ಕಡೆ ಅತ್ತೆ ಸೊಸೆ ಹತ್ತು ದಿನ ಮಾತು ಬಿಟ್ಟು, ಕೊನೆಗೆ ಎರಡು ಸೆಟ್ ಕೊಂಡರು. ಆ ತಿಂಗಳು ನಮ್ಮ ಮಾಲೀಕರು ಟೇಪಣ್ಣನನ್ನು ಹಾಡಿ ಹೊಗಳಿದರು.

ಕುರ್ಚಿ ಗೊತ್ತಾದ ಮೇಲೆ ನಕ್ಷೆಯ ಆ ಸೊನ್ನೆಯೊಳಗೆ ಒಂದು ಗುಣಾಕಾರದ ಗುರುತು ಬೀಳುತ್ತಿತ್ತು. ಅಲ್ಲಿ ಮೀಟರ್ ಹಿಡಿದು ಪ್ರತಿ ಸ್ಪೀಕರಿನ ಶಬ್ದ ಅಳೆಯುತ್ತಿದ್ದರು. ಎಡಗಡೆ ದೊಡ್ಡ ಕಿಟಕಿ ಇದ್ದರೆ ಅಲ್ಲಿ ಶಬ್ದ ಸೋರಿಹೋಗುತ್ತದೆ, ದಪ್ಪ ಪರದೆ ಇದ್ದರೆ ಅದು ನುಂಗುತ್ತದೆ. ಎಷ್ಟು ಕಡಿಮೆಯೋ ಅಷ್ಟು ಡೆಸಿಬಲ್ ಆ ಕಡೆಗೆ ಏರಿಸಿ ಸರಿದೂಗಿಸುತ್ತಿದ್ದರು. "ಕೊರತೆ ಎಷ್ಟು ಅಂತ ಗೊತ್ತಾದ್ರೆ ಸಾಕು ಕಣೋ, ತುಂಬಬಹುದು" ಎಂದು ನನಗೆ ಹೇಳಿಕೊಟ್ಟವರು ಅವರೇ. ಕಾಲೇಜಿನಲ್ಲಿ ಮೂರು ವರ್ಷ ಭೌತಶಾಸ್ತ್ರ ಓದಿದ ನಾನು ಶಬ್ದದ ವಿಷಯವನ್ನು ನಿಜವಾಗಿ ಕಲಿತದ್ದು ಅವರ ಜೊತೆ ಹನ್ನೆರಡು ವರ್ಷ ಏಣಿ ಹಿಡಿದು.

ಅವರ ಸ್ವಂತ ಮನೆಯಲ್ಲಿ ಮಾತ್ರ ಬೆನ್ನು ಉಬ್ಬಿದ ಹಳೇ ಟೀವಿ. ಅವರ ಹೆಂಡತಿ, ನಮಗೆಲ್ಲ ಅತ್ತಿಗೆ, ಒಂದು ದೊಡ್ಡ ಕಾರ್ಖಾನೆಯ ಟೆಲಿಫೋನ್ ಬೋರ್ಡಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಫೋನೆತ್ತಿದ ಕೂಡಲೇ, ಆ ಕಡೆಯವರು ಬಾಯಿ ತೆರೆಯುವ ಮೊದಲೇ, ಉಸಿರಾಟದಲ್ಲೇ ಇಂಥವರೆಂದು ಹೇಳಿಬಿಡುತ್ತಿದ್ದರಂತೆ. ನಾನು ಊಟಕ್ಕೆ ಹೋದಾಗಲೆಲ್ಲ ಆ ಟೀವಿಯ ಮಾತು ಬರುತ್ತಿತ್ತು.

"ನೋಡಪ್ಪಾ, ಊರಿಗೆಲ್ಲ ಥಿಯೇಟರ್ ಕಟ್ಟಿಸಿ ಕೊಡ್ತಾರೆ ನಿಮ್ಮಣ್ಣ. ನನಗೆ ಮಾತ್ರ ಈ ಗೂನುಬೆನ್ನಿನ ಡಬ್ಬ."

"ಇನ್ನೊಂದು ವರ್ಷ ತಡಿಯೇ. ಮುಂದಿನ ವರ್ಷದ್ದು ಇದಕ್ಕಿಂತ ಚೆನ್ನಾಗಿರುತ್ತೆ."

"ಪುಣ್ಯಕ್ಕೆ ಮದುವೆ ಆಗೋವಾಗ ಹೀಗಂದಿರಲಿಲ್ಲ."

ಟೇಪಣ್ಣ ಜಿಪುಣರಲ್ಲ. ಮುಂದಿನ ವರ್ಷ ಏನು ಬರುತ್ತದೆಂದು ಅವರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು, ತೊಂದರೆ ಅದೇ. ಮೊದಲು ಪರದೆ ತೆಳ್ಳಗಾಗಲಿ ಎಂದರು, ಆಮೇಲೆ ಚುಕ್ಕಿಗಳು ನಾಲ್ಕು ಪಟ್ಟಾಗಲಿ ಎಂದರು, ಆಮೇಲೆ ಕಪ್ಪು ಬಣ್ಣ ನಿಜವಾಗಿ ಕಪ್ಪಾಗಲಿ ಎಂದರು. ಮನೆಯ ನಕ್ಷೆ ಮಾತ್ರ ಎಂದೋ ತಯಾರಾಗಿತ್ತು. ಗೋಡೆಯಿಂದ ಕುರ್ಚಿಗೆ ಎಂಟು ಅಡಿ. ಗುಣಾಕಾರದ ಗುರುತಿನ ಪಕ್ಕ "ಇವಳು" ಎಂದು ಬರೆದಿತ್ತು. ಹಾಗೆ ಹನ್ನೊಂದು ವರ್ಷ ಕಳೆಯಿತು.

ಅತ್ತಿಗೆ ನಿವೃತ್ತರಾದ ಎರಡನೆಯ ವರ್ಷ ಅವರ ಎಡಗಿವಿ ಹೋಯಿತು. ಮೊದಲು ಒಂದು ಸಿಳ್ಳಿನ ಸದ್ದು, ಆಮೇಲೆ ಹತ್ತಿ ತುರುಕಿದ ಹಾಗೆ, ಮೂರನೆಯ ವಾರಕ್ಕೆ ಏನೂ ಇಲ್ಲ. ಒಳಗಿನ ನರ ಸತ್ತಿದೆ, ಯಂತ್ರ ಹಾಕಿದರೂ ಉಪಯೋಗವಿಲ್ಲ ಎಂದರು ಕಿವಿಯ ಡಾಕ್ಟರು. ಬಲಗಿವಿಗೆ ಯಂತ್ರ ಕೊಟ್ಟರು. ಆದರೆ ಆ ಕಿವಿಯ ಶಕ್ತಿಯೂ ಇಳಿಯುತ್ತಿದೆ; ಆರು ತಿಂಗಳೋ ಎರಡು ವರ್ಷವೋ, ಅವರಿಗೂ ಹೇಳಲಾಗಲಿಲ್ಲ.

ಮಾರನೆಯ ದಿನ ಟೇಪಣ್ಣ ಅಂಗಡಿಯ ಪ್ರದರ್ಶನದ ಕೋಣೆಯಲ್ಲಿ ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕುಳಿತರು. "ನನಗೊಂದು ಸೆಟ್ ಬೇಕು" ಎಂದರು.

ಅವಸರವಿದ್ದರೂ ಅಳತೆ ಬಿಡಲಿಲ್ಲ. ಮೂರು ವಾರ ಸಂಜೆ ಸಂಜೆ ಒಂದೊಂದನ್ನೇ ಹಾಕಿಸಿ ನೋಡಿದರು. ಅಂಗಡಿಯ ಬೆಳಕಿಗೆ ಮಿಂಚುವಂತೆ ಬಣ್ಣ ಏರಿಸಿಟ್ಟಿರುತ್ತೇವೆ. ಅದನ್ನೆಲ್ಲ ಇಳಿಸಿ, ದೀಪ ಆರಿಸಿ, ಮನುಷ್ಯರ ಮುಖದ ಬಣ್ಣ ಸರಿಯಿದೆಯೇ ಎಂದಷ್ಟೇ ನೋಡುತ್ತಿದ್ದರು. ಮಾಲೀಕರಿಗೆ ಸಾಕಾಯಿತು.

"ನಿನ್ನಂಥ ಗಿರಾಕಿ ಇನ್ನೊಬ್ಬ ಬಂದ್ರೆ ಅಂಗಡಿ ಬಾಗಿಲು ಹಾಕ್ಕೊಂಡು ಹೋಗ್ತೀನಿ ಕಣಯ್ಯ."

ಟೀವಿ ಐವತ್ತೈದು ಇಂಚಿನದು ಎಂದು ನಿಶ್ಚಯವಾಯಿತು. ಎಂಟು ಅಡಿಗೆ ಅದೇ ಸರಿ. ಶಬ್ದಕ್ಕೆ, ಟೀವಿಯ ಕೆಳಗಿಡುವ ಒಂದೇ ಉದ್ದನೆಯ ಪೆಟ್ಟಿಗೆ ಸಾಕಲ್ಲವೇ ಎಂದು ನಾನು ಕೇಳಿದೆ.

"ಹನ್ನೊಂದು ವರ್ಷ ಕಾಯಿಸಿ ಅವಳಿಗೆ ಒಂದು ಪೆಟ್ಟಿಗೆ ಕೊಡ್ಲೇನೋ? ಸುತ್ತ ಬರಬೇಕು. ಒಂದು ಸಲಾನಾದ್ರೂ ಕೇಳ್ಬೇಕು ಅವಳು."

ಐದು ಸ್ಪೀಕರು, ಒಂದು ದಪ್ಪ ದನಿಯ ಡಬ್ಬ, ಎಲ್ಲ ಆಯ್ಕೆಯಾಯಿತು. ಅವರ ಮನೆಯ ನಕ್ಷೆಗೆ ಇನ್ನೊಂದು ಹಾಳೆ ಪಿನ್ನು ಮಾಡಿತ್ತು. ಆಸ್ಪತ್ರೆಯ ಕಿವಿ ಪರೀಕ್ಷೆಯ ನಕಲು ಅದು. ಬಲಗಿವಿಯ ಕೆಂಪು ಗೆರೆ ನಡುವಿನಲ್ಲಿ ಇಳಿಜಾರಾಗಿ ಹೋಗಿತ್ತು. ಎಡಗಿವಿಯ ನೀಲಿ ಗೆರೆ ಹಾಳೆಯ ತಳ ಮುಟ್ಟಿತ್ತು. ಎರಡರ ನಡುವಿನ ಅಂತರವನ್ನು ಟೇಪಣ್ಣ ಪೆನ್ಸಿಲಿನಲ್ಲಿ ಬರೆದು, ಎಡಗಡೆಯ ಎರಡು ಸ್ಪೀಕರುಗಳನ್ನು ಎಷ್ಟು ಏರಿಸಬೇಕೆಂದು ಲೆಕ್ಕ ಹಾಕಿದ್ದರು. ಹೆಂಡತಿಯ ಕಿವಿಯನ್ನು ಅವರು ಕಿಟಕಿಯಿರುವ ಕೋಣೆಯ ಹಾಗೆ ಸರಿದೂಗಿಸಲು ಹೊರಟಿದ್ದರು.

ಶಬ್ದ ಯಾವ ದಿಕ್ಕಿನಿಂದ ಬಂತೆಂದು ಸರಿಯಾಗಿ ತಿಳಿಯಲು ಎರಡು ಕಿವಿ ಬೇಕು. ಸತ್ತ ನರಕ್ಕೆ ಎಷ್ಟು ಡೆಸಿಬಲ್ ಸುರಿದರೂ ಅಷ್ಟೇ. ಇದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿರಲೇಬೇಕು. ನಾನು ಬಾಯಿ ಬಿಡಲಿಲ್ಲ. ಅವರು ಅಷ್ಟು ಹುರುಪಿನಲ್ಲಿದ್ದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ವಾರದ ರಜೆಯ ದಿನ ಬೆಳಿಗ್ಗೆ ನಾವಿಬ್ಬರೂ ಸೇರಿ ಎಲ್ಲ ಜೋಡಿಸಿದೆವು. ಮಧ್ಯಾಹ್ನದ ಹೊತ್ತಿಗೆ ಅತ್ತಿಗೆಯನ್ನು ಕರೆದು ಗುರುತಿನ ಕುರ್ಚಿಯಲ್ಲಿ ಕೂರಿಸಿದರು. ಪರೀಕ್ಷೆಗೆಂದು ನಮ್ಮಲ್ಲಿ ಒಂದು ಶಬ್ದದ ತುಣುಕು ಇದೆ: ಒಂದು ಜೇನುನೊಣ ಮುಂದಿನ ಬಲಮೂಲೆಯಲ್ಲಿ ಗುಂಯ್ ಎಂದು ಎದ್ದು, ಬೆನ್ನ ಹಿಂದೆ ಹಾದು, ಎಡಗಡೆಯಿಂದ ಸುತ್ತಿ ಬರುತ್ತದೆ. ಟೇಪಣ್ಣ ಟೀವಿಯ ಪಕ್ಕ ಅವರಿಗೆ ಎದುರಾಗಿ ನಿಂತು ಗುಂಡಿ ಒತ್ತಿದರು.

ಅತ್ತಿಗೆಯ ಮುಖ ಬಲಕ್ಕೆ ತಿರುಗಿತು. ಹಿಂದಕ್ಕೆ ವಾಲಿತು. ಆಮೇಲೆ ನಿಧಾನವಾಗಿ ಎಡಕ್ಕೆ ಬಂತು. ತುಟಿಯ ಮೇಲೆ ನಗು.

"ಕೇಳಿಸ್ತಾ?"

"ಅಯ್ಯೋ, ಕಚ್ಚೇಬಿಡುತ್ತೇನೋ ಅನ್ನಿಸ್ತು ರೀ!"

ಟೇಪಣ್ಣ ನನ್ನ ಕಡೆ ನೋಡಿದ ನೋಟ ನನಗಿನ್ನೂ ನೆನಪಿದೆ. ನನ್ನ ಓದೆಲ್ಲ ಸುಳ್ಳಾಯಿತೇ ಎಂದು ನನಗೇ ಸಂತೋಷವಾಗತೊಡಗಿತ್ತು.

"ಇನ್ನೊಂದು ಸಲ ಹಾಕ್ತೀನಿ" ಎಂದು ಮತ್ತೆ ಒತ್ತಿದರು. ನೊಣ ಹೊರಟು ಅರ್ಧ ಸುತ್ತು ಬರುವಷ್ಟರಲ್ಲಿ ಬಲಮೂಲೆಯ ಸ್ಪೀಕರಿನ ತಂತಿ ಸಡಿಲವಾದಂತೆ ಅವರಿಗೆ ಕಂಡಿತು. ಅತ್ತ ತಿರುಗಿ ನೋಡಿದರು. ನೊಣ ಆಗ ಹಿಂದಿನ ಎಡಮೂಲೆಯಲ್ಲಿತ್ತು. ಅತ್ತಿಗೆ ಬಲಕ್ಕೆ ತಿರುಗಿದರು.

ಟೇಪಣ್ಣ ತಂತಿ ಮುಟ್ಟಲಿಲ್ಲ. ಮೂರನೆಯ ಸಲ ಹಾಕಿದರು. ಈ ಸಲ ಬೇಕೆಂದೇ ನೊಣ ಹೋದ ದಿಕ್ಕು ಬಿಟ್ಟು ಬೇರೆ ಬೇರೆ ಕಡೆ ನೋಡಿದರು. ಒಮ್ಮೆ ಬಾಗಿಲ ಕಡೆ, ಒಮ್ಮೆ ಕಿಟಕಿಯ ಕಡೆ. ಅವರ ಕಣ್ಣು ಹೋದಲ್ಲೆಲ್ಲ ಅತ್ತಿಗೆಯ ಮುಖ ಹೋಯಿತು. ಶಬ್ದ ನಿಂತ ಮೇಲೆ ಟೇಪಣ್ಣ ರಿಮೋಟ್ ಕೆಳಗಿಟ್ಟರು.

"ನನ್ನ ಕಣ್ಣು ನೋಡ್ತಿದ್ದೆಯೇನೇ?"

ಅತ್ತಿಗೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ಅಷ್ಟು ಖುಷಿಯಾಗಿ ನಿಂತಿದ್ರಿ. ಕೇಳಿಸ್ಲಿಲ್ಲ ಅಂತ ಹೆಂಗೆ ಹೇಳ್ಲಿ?"

"ಎಡಗಡೆ ಹತ್ತು ಡೆಸಿಬಲ್ ಏರಿಸಿದೀನಿ ಕಣೇ. ಅದಕ್ಕಿಂತ ಮೇಲೆ ಹೋಗಲ್ಲ ಅದು."

"ನನ್ನ ಕಿವಿ ಕಿಟಕಿ ಅಲ್ಲ ರೀ."

ಟೇಪಣ್ಣ ನೆಲದ ಮೇಲೆ ಕುಳಿತುಬಿಟ್ಟರು. ಹೋದ ವರ್ಷ ತಂದಿದ್ದರೆ, ಅದರ ಹಿಂದಿನ ವರ್ಷ ತಂದಿದ್ದರೆ ಎಂದು ಏನೋ ಹೇಳಲು ಹೊರಟರು. ಅತ್ತಿಗೆ ತಡೆದರು.

"ಅದೆಲ್ಲ ಬಿಡಿ. ಸುತ್ತ ಗುಂಯ್ ಅನ್ನೋದು ನಂಗೆ ಬೇಡ. ಒಳಗಿರೋರು ಏನು ಮಾತಾಡ್ತಾರೆ ಅಂತ ಕೇಳಿಸಿದ್ರೆ ಸಾಕು. ಮಾತು ಕೇಳಿಸ್ಕೊಂಡೇ ಮೂವತ್ತು ವರ್ಷ ಅನ್ನ ತಿಂದೋಳು ನಾನು."

ಐದರಲ್ಲಿ ನಡುವಿನದು ಮಾತಿನ ಸ್ಪೀಕರು. ಟೇಪಣ್ಣ ಉಳಿದ ನಾಲ್ಕರ ತಂತಿ ಕಳಚಿದರು. ನಡುವಿನದನ್ನು ತಂದು ಒಂದು ಸ್ಟೂಲಿನ ಮೇಲಿಟ್ಟು, ಅತ್ತಿಗೆಯ ಬಲಗಿವಿಯಿಂದ ಮೂರು ಅಡಿ ಅಳೆದು ನಿಲ್ಲಿಸಿದರು.

ಅಲ್ಲಿಂದ ಏಳು ತಿಂಗಳು ಅತ್ತಿಗೆ ಚೆನ್ನಾಗಿ ಕೇಳಿದರು. ಸಂಜೆ ಐದಕ್ಕೆ ಬರುವ ಒಂದು ಧಾರಾವಾಹಿ ಅವರಿಗೆ ಅಂಟಿಕೊಂಡಿತ್ತು. ವಸತಿಗೃಹ ನಡೆಸುವ ಇಬ್ಬರು ಅಕ್ಕತಂಗಿಯರ ಕಥೆ. ನಾನು ಹೋದಾಗ ನನಗೂ ವಿವರಣೆ ಸಿಗುತ್ತಿತ್ತು. "ಈ ವಕೀಲ ಸುಳ್ಳು ಹೇಳ್ತಿದಾನೆ ನೋಡು. ಮಾತಿಗೆ ಮುಂಚೆ ಉಸಿರು ಎಳ್ಕೊಂಡ." ಮುಂದಿನ ವಾರ ನೋಡಿದರೆ ವಕೀಲ ಸುಳ್ಳೇ ಹೇಳಿರುತ್ತಿದ್ದ. ಆದರೆ ಸ್ಟೂಲು ಪ್ರತಿ ಸಲವೂ ಸ್ವಲ್ಪ ಹತ್ತಿರ ಬಂದಿರುತ್ತಿತ್ತು. ಮೂರು ಅಡಿ ಎರಡಾಯಿತು, ಎರಡು ಒಂದಾಯಿತು. ಕೊನೆಗೆ ಅದು ಕುರ್ಚಿಯ ಕೈಗೆ ತಾಗಿ ನಿಂತಿತು. ಟೇಪಣ್ಣ ಅದನ್ನು ಅಳೆಯುವುದು ಬಿಟ್ಟಿದ್ದರು.

ಒಂದು ರಜೆಯ ದಿನ ಸಂಜೆ ನಾನು ಅಲ್ಲಿದ್ದೆ. ಧಾರಾವಾಹಿಯಲ್ಲಿ ಅಕ್ಕ, ತಂಗಿಯನ್ನು ಎದುರು ಕೂರಿಸಿಕೊಂಡು, ಮುಚ್ಚಿಟ್ಟ ವಿಷಯ ಹೇಳಲು ತೊಡಗಿದ್ದಳು. ಸ್ಪೀಕರಿನ ದನಿ ಬೀದಿಯವರೆಗೆ ಹೋಗುತ್ತಿತ್ತು.

"ರೀ, ಸೌಂಡ್ ಯಾಕೆ ನಿಲ್ಲಿಸಿದ್ರಿ? ಈಗಲೇ ಹೇಳೋದು ಅವಳು."

ಟೇಪಣ್ಣ ರಿಮೋಟ್ ತೆಗೆದುಕೊಂಡು ಶಬ್ದ ನಿಲ್ಲಿಸಿದರು. "ಕೈ ತಾಗ್ತು ಕಣೇ" ಎಂದು ಸನ್ನೆ ಮಾಡಿದರು.

"ಹಾಕಿ ಮತ್ತೆ."

ಅವರು ಒತ್ತಿದರು. ಅಕ್ಕನ ಅಳು ಕೋಣೆ ತುಂಬಿತು. ಅತ್ತಿಗೆ ಪರದೆಯನ್ನೇ ನೋಡುತ್ತ ಕಾದರು.

"ಹಾಕಿದ್ರಾ?"

ಟೇಪಣ್ಣ ಎದ್ದು ಹೋಗಿ ಟೀವಿಗೆ ಬೆನ್ನು ಮಾಡಿ, ಅದಕ್ಕೆ ಅಡ್ಡವಾಗಿ, ಹೆಂಡತಿಯ ಎದುರು ಮಂಡಿಯೂರಿ ಕುಳಿತರು. ಬೆನ್ನ ಹಿಂದಿನಿಂದ ಬಂದ ಒಂದೊಂದು ಮಾತನ್ನೂ ಕೇಳಿಸಿಕೊಂಡು, ಬಾಯಿ ಅಗಲಿಸಿ, ನಿಧಾನವಾಗಿ ಮತ್ತೆ ಹೇಳತೊಡಗಿದರು. "ನಾನು... ನಿನ್ನ... ಅಕ್ಕ ಅಲ್ಲ... ನಾನೇ... ನಿನ್ನ ತಾಯಿ."

ಅತ್ತಿಗೆ ಅವರ ಮುಖವನ್ನು ಬಹಳ ಹೊತ್ತು ನೋಡಿದರು. ಅವರಿಗೆ ಅರ್ಥವಾದದ್ದು ಧಾರಾವಾಹಿಯ ವಿಷಯವಲ್ಲ, ತಮ್ಮ ಬಲಗಿವಿಯದು. ಕೈ ಚಾಚಿ ಗಂಡನ ತುಟಿಯ ಮೇಲೆ ಬೆರಳಿಟ್ಟರು.

"ಮೀಸೆ ಅಡ್ಡ ಬರ್ತಿದೆ ರೀ" ಎಂದರು. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. "ಏನು ಹೇಳ್ತೀರೋ ಕಾಣಲ್ಲ."

ಮರುದಿನ ಟೇಪಣ್ಣ ಮೀಸೆ ಬೋಳಿಸಿಕೊಂಡು ಅಂಗಡಿಗೆ ಬಂದರು. ಮೇಲ್ದುಟಿಯ ಜಾಗ ಬೆಳ್ಳಗೆ, ಎಳೆಯದಾಗಿ ಕಾಣುತ್ತಿತ್ತು. ಗಾಡಿಯ ಡ್ರೈವರು ಏನೋ ತಮಾಷೆ ಮಾಡಲು ಬಾಯಿ ತೆರೆದವನು, ಅವರು ತನ್ನ ಕಡೆ ತಿರುಗಿ ಪ್ರತಿ ಅಕ್ಷರವನ್ನೂ ಬಿಡಿಸಿ "ಇವತ್ತು ಎಷ್ಟು ಮನೆ ಇದೆ?" ಎಂದು ಕೇಳಿದ್ದನ್ನು ನೋಡಿ, ಸುಮ್ಮನೆ ನಾಲ್ಕು ಬೆರಳು ತೋರಿಸಿದ.