ಘಾಟು ಬಾರದ ಮೆಣಸಿನಕಾಯಿ

ದೃಷ್ಟಿ, ಗಾಳಿ, ಶಾಪ ಇವನ್ನೆಲ್ಲ ನಂಬುವವರನ್ನು ಕಂಡರೆ ನನಗೆ ಮೊದಲು ನಗು ಬರುತ್ತಿತ್ತು. ಓದಿದ್ದು ಫಾರ್ಮಸಿ, ದಿನವಿಡೀ ನಿಲ್ಲುವುದು ವಿಜಯನಗರದ ಒಂದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ. ಮಗುವಿಗೆ ತಾಯತ ಕಟ್ಟಿಸಿ, ಆಮೇಲೆ ಜ್ವರದ ಸಿರಪ್ಪಿಗೆ ಬರುವವರನ್ನು "ಮೊದಲೇ ಬರೋಕೆ ಏನಾಗಿತ್ರೀ?" ಎಂದು ಗದರುತ್ತಿದ್ದವಳು ನಾನು. ಈಗ ಗದರುವುದಿಲ್ಲ. ನಂಬಿಕೆ ಬಂತು ಅಂತಲ್ಲ, ಏನು ಹೇಳಬೇಕೋ ಗೊತ್ತಾಗುವುದಿಲ್ಲ, ಅಷ್ಟೇ.

ನನ್ನ ಮಗಳು ಚಿನ್ಮಯಿ ಆಗ ಐದನೇ ಕ್ಲಾಸು. ಮನೆಯಲ್ಲಿ ಚಿನ್ನು. ಚಂದ್ರಾ ಲೇಔಟಿನ ನಮ್ಮ ಬೀದಿಯಲ್ಲಿ ಅವಳು ನಡೆದದ್ದನ್ನು ಕಂಡವರಿಲ್ಲ, ಬರೀ ಓಟ. ಕೊರೋನಾ ನಮ್ಮ ಮನೆಗೂ ಬಂದು ಹೋಯಿತು. ಅವಳಿಗೆ ಜ್ವರ ಬೇಗ ಬಿಟ್ಟಿತು. ಮಕ್ಕಳಿಗೆ ಏನೂ ಆಗಲ್ಲ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಆದರೆ ಜ್ವರ ಬಿಟ್ಟ ಮೇಲೆ ಮಗು ಮೊದಲಿನ ಮಗುವಾಗಲೇ ಇಲ್ಲ. ಸ್ನಾನ ಮಾಡಿ ಬಂದರೆ ಮಲಗಲೇಬೇಕು. ಮೆಟ್ಟಿಲು ಹತ್ತಿದರೆ ಎದೆ ಡವಡವ, ಕಾಲು ಸೆಳೆತ. ಬಾಯಿಪಾಠವಾಗಿದ್ದ ಮಗ್ಗಿ ನಡುವೆ ಮರೆತುಹೋಗುತ್ತಿತ್ತು. ವಾಸನೆಯಂತೂ ಪೂರ್ತಿ ಹೋಯಿತು. ನಮ್ಮತ್ತೆ ಮಾಡುವ ಬಸ್ಸಾರಿಗೆ ಪ್ರಾಣ ಬಿಡುತ್ತಿದ್ದವಳು, "ಬಿಸಿನೀರು ಕುಡಿದಂಗಿದೆ ಅಜ್ಜಿ" ಎಂದು ತಟ್ಟೆ ಸರಿಸುತ್ತಿದ್ದಳು. ರಕ್ತಪರೀಕ್ಷೆ, ಎಕ್ಸ್‌ರೇ, ಹೃದಯದ ಸ್ಕ್ಯಾನ್ ಎಲ್ಲ ನಾರ್ಮಲ್. "ಕೆಲವು ಮಕ್ಕಳಿಗೆ ಹೀಗೆ ಉಳ್ಕೊಳ್ಳತ್ತೆ, ನಿಧಾನಕ್ಕೆ ಸರಿಹೋಗತ್ತೆ, ಬಲವಂತ ಮಾತ್ರ ಮಾಡ್ಬೇಡಿ" ಎಂದರು ಡಾಕ್ಟರು.

ಶಾಲೆ ತೆರೆಯಿತು. ಅವಳ ಕ್ಲಾಸು ಮೇಲಿನ ಮಹಡಿಯಲ್ಲಿ. ಹತ್ತುವಾಗ ನಡುವೆ ಒಂದು ಕಡೆ ಕೂತು ಸುಧಾರಿಸಿಕೊಂಡು ಹೋಗುತ್ತಿದ್ದಳು. ಕ್ಲಾಸ್ ಟೀಚರ್ ವನಜಾ ಮಿಸ್, ನಮ್ಮ ಹಿಂದಿನ ಬೀದಿಯವರೇ. ಡಾಕ್ಟರು ಹೇಳಿದ್ದನ್ನೆಲ್ಲ ನಾನೇ ಹೋಗಿ ಅವರಿಗೆ ವಿವರಿಸಿ ಬಂದಿದ್ದೆ. ಆದರೂ ಒಂದು ದಿನ ಇಡೀ ಕ್ಲಾಸಿನ ನೋಟ್‌ಬುಕ್ಕು ಕೆಳಗಿನಿಂದ ಹೊತ್ತು ತರಲು ಮಗುವಿಗೆ ಹೇಳಿದರು. ಅವಳು ಏದುಸಿರು ಬಿಡುತ್ತ ಬಾಗಿಲಿಗೆ ಬಂದಾಗ, "ಅಜ್ಜಿ ಬಂದ್ಲು, ದಾರಿ ಬಿಡ್ರೋ" ಎಂದರಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮಗು ಅಲ್ಲೇ ಕುಸಿದು ಗಲ್ಲ ಒಡೆದುಕೊಂಡಳು.

ನಾನು ಶಾಲೆಗೆ ಓಡಿದೆ. ಆ ಹೆಂಗಸು ಕುರ್ಚಿಯಿಂದ ಏಳಲೂ ಇಲ್ಲ. "ನೋಡಿ ಮೇಡಂ, ರಿಪೋರ್ಟೆಲ್ಲ ನಾರ್ಮಲ್ ತಾನೇ? ಮತ್ಯಾಕೆ ಈ ಡ್ರಾಮಾ? ಮುದ್ದು ಮಾಡಿ ಹಾಳು ಮಾಡ್ತಾ ಇದೀರ." ಮಗುವನ್ನು ಎತ್ತಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಅವತ್ತು ಅಮಾವಾಸ್ಯೆ. ಅಮಾವಾಸ್ಯೆಯ ಮುಸ್ಸಂಜೆ ನಮ್ಮತ್ತೆ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಹಿಡಿದು ಮೊಮ್ಮಗಳಿಗೆ ದೃಷ್ಟಿ ತೆಗೆಯುವುದು ರೂಢಿ. ನಾನು ನಕ್ಕು ಸುಮ್ಮನಿರುತ್ತಿದ್ದೆ. ಅವತ್ತು ಅವರಿಗೆ ಮಂಡಿನೋವು, ಏಳಲಾಗಲಿಲ್ಲ. "ನೀನೇ ನಿವಾಳಿಸಮ್ಮ. ಆದ್ರೆ ಒಂದು ಮಾತು, ಯಾರೊಬ್ರ ಹೆಸರೂ ಮನಸ್ಸಲ್ಲಿ ಇಟ್ಕೋಬೇಡ. ಎಲ್ಲರ ಕಣ್ಣೂ ಅನ್ನು, ಒಬ್ಬರ ಕಣ್ಣು ಅನ್ಬೇಡ" ಎಂದರು.

ಚಿನ್ನುವನ್ನು ಮಣೆಯ ಮೇಲೆ ಕೂರಿಸಿದೆ. ಗಲ್ಲಕ್ಕೆ ಹಾಕಿದ್ದ ಪ್ಲಾಸ್ಟರು ಕಣ್ಣಿಗೆ ಹೊಡೆಯುತ್ತಿತ್ತು. ಬಾಯಿ "ನಾಯಿ ಕಣ್ಣು, ನರಿ ಕಣ್ಣು, ಹೋಗೋರ ಕಣ್ಣು, ಬರೋರ ಕಣ್ಣು" ಎನ್ನುತ್ತಿತ್ತು. ಮನಸ್ಸು ಮಾತ್ರ ಒಂದೇ ಹಿಡಿದಿತ್ತು: ವನಜಾ, ಇದೆಲ್ಲ ನಿನಗೆ ಬರಲಿ. ಈ ಸುಸ್ತು ನಿನಗೆ, ಈ ಸೆಳೆತ ನಿನಗೆ, ಈ ಸಪ್ಪೆ ಬಾಯಿ ನಿನಗೆ. ತುಟಿ ಅಲುಗಿಸಲಿಲ್ಲ. ಮುಷ್ಟಿ ಬಿಗಿದು ಅಡುಗೆಮನೆಗೆ ಹೋಗಿ, ಗ್ಯಾಸಿನ ಮೇಲೆ ಕಾಯುತ್ತಿದ್ದ ಹಳೇ ಕಬ್ಬಿಣದ ಬಾಣಲೆಗೆ ಎಲ್ಲವನ್ನೂ ಸುರಿದೆ.

ಉಪ್ಪು ಚಟಪಟ ಸಿಡಿಯಿತು. ಮೆಣಸಿನಕಾಯಿ ಕಪ್ಪಾಗಿ ಸುಟ್ಟು ದಟ್ಟ ಹೊಗೆ ಎದ್ದಿತು. ಘಾಟು ಬರಲಿಲ್ಲ. ಬಾಣಲೆಯ ಮೇಲೆ ಬಗ್ಗಿ ಮೂಸಿದೆ, ಏನೂ ಇಲ್ಲ. ನನ್ನ ಗಂಡ ಬಂದು ಮೂಸಿದರು, ಕೆಮ್ಮಲಿಲ್ಲ. ದೃಷ್ಟಿ ಇದ್ದರೆ ಘಾಟು ಬರಲ್ಲ ಎಂದು ಅತ್ತೆ ಮೊದಲಿಂದಲೂ ಹೇಳುತ್ತಿದ್ದರು. ಮೆಣಸಿನಕಾಯಿ ಹಳೆಯದಿರಬೇಕು ಎಂದುಕೊಂಡೆ. ಅಷ್ಟರಲ್ಲಿ ನಡುಮನೆಯಿಂದ ಕೆಮ್ಮು ಕೇಳಿಸಿತು. ಚಿನ್ನು ಮಣೆಯಿಂದ ಎದ್ದು, ಕಣ್ಣು ಮೂಗಲ್ಲಿ ನೀರು ಸುರಿಸುತ್ತ, "ಅಮ್ಮಾ, ಘಾಟು! ಕಿಟಕಿ ತೆಗಿಯಮ್ಮ!" ಎಂದು ಕೂಗುತ್ತಿದ್ದಳು.

ಜ್ವರ ಬಂದಾಗಿನಿಂದ ಆ ಮೂಗಿಗೆ ಬಂದ ಮೊದಲ ವಾಸನೆ ಅದು. ನಾನು ಅವಳನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟೆ. ಅತ್ತೆ ಮಾತ್ರ ಕೂತಲ್ಲಿಂದಲೇ ನನ್ನ ಮುಖ ನೋಡುತ್ತಿದ್ದರು. "ಕೋಪದಲ್ಲಿ ಕೊಯ್ದ ಮೂಗು ಶಾಂತೀಲಿ ಬರಲ್ಲ ಕಣಮ್ಮ" ಎಂದರು.

ಕೆಲವು ವಾರಗಳ ಮೇಲೆ ಸೊಪ್ಪಿನ ಗಾಡಿಯ ಹತ್ತಿರ ವನಜಾ ಮಿಸ್ ಸಿಕ್ಕರು. ಕೊತ್ತಂಬರಿ ಕಟ್ಟನ್ನು ಮೂಗಿಗೆ ಹಿಡಿಯುವುದು, ಇಳಿಸುವುದು, ಮತ್ತೆ ಹಿಡಿಯುವುದು. ಮುಖ ಬಾಡಿತ್ತು.

"ಚಿನ್ಮಯಿ ಅಮ್ಮ, ನೀವು ಮೆಡಿಕಲ್‌ನಲ್ಲಿ ಇರೋರಲ್ವಾ? ಇದಕ್ಕೆ ಏನಾದ್ರೂ ಮಾತ್ರೆ ಇದ್ಯಾ? ಅಮಾವಾಸ್ಯೆ ದಿನ ದೀಪ ಹಚ್ಚಿ ಬಂದು ಒಗ್ಗರಣೆ ಹಾಕ್ತಿದ್ದೆ, ಇದ್ದಕ್ಕಿದ್ದಂಗೆ ವಾಸನೆನೇ ನಿಂತೋಯ್ತು. ಜ್ವರಾನೂ ಇರ್ಲಿಲ್ಲ. ಅವತ್ತಿಂದ ಮೆಟ್ಟಿಲು ಹತ್ತೋಕಾಗಲ್ಲ. ನಮ್ಮನೆಯವ್ರು ಡ್ರಾಮಾ ಅಂತಾರೆ."

ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

"ರಿಪೋರ್ಟೆಲ್ಲ ನಾರ್ಮಲ್ ತಾನೇ ಮಿಸ್?" ಎಂದೆ.

ಅವರು ತಲೆ ತಗ್ಗಿಸಿದರು. ಕೊತ್ತಂಬರಿಯನ್ನು ಗಾಡಿಯಲ್ಲೇ ಬಿಟ್ಟು ಹೋದರು.

ಇದಕ್ಕೆಲ್ಲ ಕಾರಣ ಕೊಡುವುದು ನನಗೂ ಗೊತ್ತು. ಆ ಕಾಯಿಲೆ ಇನ್ನೂ ಊರಲ್ಲಿ ಸುತ್ತುತ್ತಿತ್ತು, ಜ್ವರವಿಲ್ಲದೆಯೂ ಬರುತ್ತಿತ್ತು. ಹೋದ ವಾಸನೆ ಒಂದಲ್ಲ ಒಂದು ದಿನ ತಾನಾಗಿಯೇ ಮರಳುತ್ತದೆ. ನನ್ನ ಗಂಡ ಇದನ್ನೇ ಹೇಳುತ್ತಾರೆ. ನಾನೂ ಒಪ್ಪಿಕೊಂಡು ಮರೆಯುತ್ತಿದ್ದೆನೇನೋ.

ಆದರೆ ಆಮೇಲೆ ಒಂದು ದಿನ ಚಿನ್ನು ಶಾಲೆಯಿಂದ ಸಪ್ಪಗೆ ಬಂದಳು. ವಾಸನೆ ಬಂದರೂ ಅವಳ ಕಾಲಿನ ಸೆಳೆತ ಪೂರ್ತಿ ಹೋಗಿಲ್ಲ. "ವನಜಾ ಮಿಸ್ಸೂ ಈಗ ನನ್ ಥರಾನೇ ಮೆಟ್ಲಲ್ಲಿ ಕೂತ್ಕೋತಾರಮ್ಮ. ಇವತ್ತು ಯಾರೋ ಹುಡುಗ್ರು ಅವರನ್ನ ಅಜ್ಜಿ ಅಂತ ಕೂಗಿದ್ರು. ನಂಗೆ ಅಳು ಬಂತು." ಆಮೇಲೆ ನನ್ನ ಸೆರಗು ಹಿಡಿದು ಹೇಳಿದಳು. "ಸಾಕು ಅಂತ ಹೇಳಮ್ಮ. ಅವತ್ತು ದೃಷ್ಟಿ ತೆಗೀವಾಗ, ಇದೆಲ್ಲ ವನಜಾಗೆ ಬರ್ಲಿ ಅಂದ್ಯಲ್ಲ, ಹಂಗೇ ಈಗ ಸಾಕು ಅನ್ನು."

ಅವತ್ತು ನಾನು ತುಟಿ ಪಿಟಕ್ಕೆಂದಿರಲಿಲ್ಲ. ಅಲ್ಲಿಯವರೆಗೂ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಇವಳಿಗೆ ಹೇಗೆ ಕೇಳಿಸಿತು?

ಅದಾದ ಮೇಲೆ ಅಮಾವಾಸ್ಯೆಗಳು ಬಂದು ಹೋಗಿವೆ. ಮೆಣಸಿನಕಾಯಿ ಹಿಡಿದು ನಿಲ್ಲುತ್ತೇನೆ, ಚಿನ್ನು ಮಣೆಯ ಮೇಲಿಂದ ಕತ್ತೆತ್ತಿ ನನ್ನನ್ನೇ ನೋಡುತ್ತಾಳೆ. ಒಳಗಿಂದ ಬಸ್ಸಾರಿನ ಘಮ ಬರುತ್ತಿರುತ್ತದೆ, ಅವಳ ಮೂಗು ಅರಳುತ್ತದೆ. ಸಾಕು ಅಂದರೆ ಆ ಮೂಗಿಗೆ ಬಂದ ವಾಸನೆ ಮತ್ತೆ ಹೋದರೆ? ಆ ಭಯ ಒಂದು. ಇನ್ನೊಂದು, ಗಲ್ಲದ ಮೇಲೆ ಆ ಗಾಯದ ಗೆರೆ ಇನ್ನೂ ಇದೆ.

ನಾನಿನ್ನೂ ಹೇಳಿಲ್ಲ.